ನೈಲಾನ್ ಬುಷ್ಷುಗಳ ತಯಾರಿಕೆಯೂ ಅವುಗಳ ಸವೆತವೂ

ಬೇಸಾಯದ ಯಂತ್ರಗಳಲ್ಲಿ ಕಂಚಿನ ಬುಷ್ಷಿಗೆ ಬದಲಾಗಿ ನೈಲಾನಿನ ಬುಷ್ಷನ್ನು ಹಾಕುವ ರೂಢಿಯುಂಟು. ಇದು ಹಗುರವಾದುದು, ತುಕ್ಕು ಹಿಡಿಯದು, ಎಣ್ಣೆ ಕಡಮೆಯಾದರೂ ಉಕ್ಕಿನ ಶಾಫ್ಟನ್ನು ಬೇಗ ಕೆಡಿಸದು. ಆದರೆ ನೋಟಕ್ಕೆ ಒಂದೇ ತೆರನಾದ ಎರಡು ಬುಷ್ಷುಗಳಲ್ಲಿ ಒಂದು ಬಹುಕಾಲ ಬಾಳಿ, ಮತ್ತೊಂದು ಬಿತ್ತನೆಯ ಹದದಲ್ಲಿಯೇ ಸವೆದು ಯಂತ್ರವನ್ನು ನಿಲ್ಲಿಸಬಹುದು. ಹದ ಮೀರಿದ ಮೇಲೆ ಹೊಸ ಬುಷ್ಷು ದೊರೆತರೂ ಪ್ರಯೋಜನವಿಲ್ಲ. ಆದಕಾರಣ ಈ ವ್ಯತ್ಯಾಸದ ಮೂಲವನ್ನು ಜಮೀನುದಾರರು ತಿಳಿದಿರುವುದು ಒಳ್ಳೆಯದು.

ನೈಲಾನ್ 6 ಎಂಬ ಬಗೆಯನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಪೌಲ್ ಶ್ಲಾಕ್ ಎಂಬವರು 1938ರಲ್ಲಿ ಕ್ಯಾಪ್ರೊಲ್ಯಾಕ್ಟಮ್ ಎಂಬ ಪದಾರ್ಥದಿಂದ ತಯಾರಿಸಿದರು. ಈ ಪದಾರ್ಥವು ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಎರಕದ ನೈಲಾನನ್ನು ಮಾಡುವಾಗ, ಕರಗಿದ ರಸಕ್ಕೆ ಪ್ರೇರಕ ದ್ರವ್ಯಗಳನ್ನು ಬೆರೆಸಿ ಬಿಸಿ ಅಚ್ಚಿಗೆ ಹೊಯ್ಯುತ್ತಾರೆ. 150 ಡಿಗ್ರಿಯ ಆಸುಪಾಸಿನಲ್ಲಿ ಅದರ ಅಣುಗಳು ಸರಪಣಿಯಂತೆ ಕೂಡಿಕೊಂಡು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತವೆ. ಈ ಕಾರ್ಯದಲ್ಲಿ ಗಮನಿಸತಕ್ಕ ಸಂಗತಿಗಳು ಮೂರು.

1. ತೇವ: ರಸದಲ್ಲಿ ಸ್ವಲ್ಪ ನೀರಿದ್ದರೂ ಪ್ರೇರಕವು ನಿಷ್ಫಲವಾಗುತ್ತದೆ. ಸರಪಣಿಗಳು ಬೆಳೆಯದೆ, ಮಾರ್ಪಡದ ಮೂಲಪದಾರ್ಥವು ಒಳಗೆ ಉಳಿದು ಬುಷ್ಷನ್ನು ಮೆದುಮಾಡುತ್ತದೆ. ಮೆದುವಾದುದು ಬೇಗ ಸವೆಯುತ್ತದೆ.

2. ಶಾಖ: ಅಚ್ಚಿನ ಶಾಖವು ಸಾಲದಿದ್ದರೆ ಕಾರ್ಯವು ಮುಗಿಯುವ ಮೊದಲೇ ರಸವು ಹೆಪ್ಪುಗಟ್ಟುತ್ತದೆ. ಶಾಖವು ಅತಿಯಾದರೆ ಸರಪಣಿಗಳು ಒತ್ತಾಗಿ ಸಾಲುಗೂಡುವುದು ಕಡಮೆಯಾಗುತ್ತದೆ. ಹೀಗೆ ಸಾಲುಗೂಡಿದ ಸ್ಫಟಿಕಭಾಗವು ಹೆಚ್ಚಿದಷ್ಟೂ ಬುಷ್ಷು ಗಡುಸಾಗಿ, ಸವೆತವು ಸಾಮಾನ್ಯವಾಗಿ ತಗ್ಗುತ್ತದೆ.

3. ಬೆರಕೆ: ಎರಕ ಹೊಯ್ಯುವಾಗಲೇ ಎಣ್ಣೆಯನ್ನು ಸೇರಿಸಿದರೆ ತಿಕ್ಕಾಟವು ಕಡಮೆಯಾಗುತ್ತದೆ. ಆದರೆ ನುಣುಪಾಗಿ ತಿರುಗುವುದೆಲ್ಲ ಹೆಚ್ಚು ಕಾಲ ಬಾಳುವುದೆಂದು ತಿಳಿಯಬಾರದು. ತಿಕ್ಕಾಟವೇ ಬೇರೆ, ಸವೆತವೇ ಬೇರೆ.

ಒಳ್ಳೆಯ ಬುಷ್ಷನ್ನೂ ಸರಿಯಾಗಿ ಕೂಡಿಸದಿದ್ದರೆ ಕೆಡುವುದು. ನೈಲಾನು ನೀರನ್ನು ಹೀರಿ ಉಬ್ಬುವುದರಿಂದ, ಶಾಫ್ಟಿಗೂ ಬುಷ್ಷಿಗೂ ನಡುವೆ ಕಂಚಿಗಿಂತ ಹೆಚ್ಚು ಸಡಿಲವನ್ನು ಬಿಡತಕ್ಕದ್ದು. ಅದು ಶಾಖವನ್ನು ಬೇಗ ಹೊರಗೆ ಬಿಡದಾದ್ದರಿಂದ, ವೇಗವೂ ಭಾರವೂ ಒಟ್ಟಿಗೆ ಹೆಚ್ಚಾಗಿರುವ ಕಡೆ ಅದನ್ನು ಹಾಕಬಾರದು. ಶಾಫ್ಟು ಒರಟಾಗಿದ್ದರೆ ಅರದಂತೆ ಉಜ್ಜಿ ತಿನ್ನುವುದು. ಮೊದಲು ಅದನ್ನು ನುಣುಪು ಮಾಡಿಸತಕ್ಕದ್ದು.

ಕೊಳ್ಳುವಾಗ ಕತ್ತರಿಸಿದ ಮೈಯನ್ನು ಬೆಳಕಿನಲ್ಲಿ ನೋಡಿ, ಗುಳ್ಳೆಗಳಿದ್ದರೆ ತಿರಸ್ಕರಿಸುವುದು ಲೇಸು. ಎರಕದ್ದೋ ಅಲ್ಲವೋ, ಎಣ್ಣೆ ಬೆರೆತುದೋ ಅಲ್ಲವೋ ಎಂಬುದನ್ನು ವ್ಯಾಪಾರಿಯಿಂದ ಬರಹದಲ್ಲಿ ಪಡೆಯತಕ್ಕದ್ದು. ಬಿತ್ತನೆಗೆ ಮುಂಚೆಯೇ ಒಂದು ಜೊತೆ ಬುಷ್ಷನ್ನು ಹೆಚ್ಚಾಗಿ ತಂದಿಟ್ಟುಕೊಂಡವನಿಗೆ ಹದವು ತಪ್ಪದು.