ಬಲಿ ಎಂದರೆ ಕಳೆದುಕೊಳ್ಳುವುದೇ?

ಪಾಸ್ಖ ಹಬ್ಬದ ಸಿದ್ಧತೆಗಾಗಿ ಯುವಜನರಿಗೆ ಒಂದು ಪಾಠ
ಓದಿಕೊಳ್ಳಿ: ಯೊವಾನ್ನ 12:20-26, 1 ಕೊರಿಂಥ 15:35-44



ತಪಸ್ಸುಕಾಲದ ಒಂದು ಭಾನುವಾರ, ತೆಲುಗು ಪೂಜೆ ಮುಗಿದ ಮೇಲೆ ನಮ್ಮ ಕನ್ನಡ ಮಕ್ಕಳ ತರಗತಿಯಲ್ಲಿ ಗೋಧಿ ಕಾಳಿನ ಸಾಮತಿ ಓದುತ್ತಿದ್ದೆವು. ಭೂಮಿಗೆ ಬಿದ್ದು ಸತ್ತ ಕಾಳೇ ಬಹಳ ಫಲ ಕೊಡುತ್ತದೆ ಎಂಬ ಯೇಸುವಿನ ಮಾತು. ಒಬ್ಬ ಹುಡುಗ ಕೈ ಎತ್ತಿದ: "ಅಕ್ಕಾ, ಸತ್ತ ಬೀಜ ಎಲ್ಲಿ ಮೊಳೀತದ? ಸತ್ತ ಬೀಜ ಕೊಟ್ಟಾನಂತ ನಮ್ಮಪ್ಪ ಅಂಗಡಿಯವನ ಜೋಡಿ ಜಗಳಾನೇ ಮಾಡಿದ." ಎಲ್ಲರೂ ನಕ್ಕರು. ಗದ್ವಾಲ ಸೀಮೆಯಲ್ಲಿ ಹತ್ತಿ ಬೀಜ ಬೆಳೆಯುವ ಮನೆಗಳ ಮಕ್ಕಳಿಗೆ ಬೀಜದ ವಿಷಯ ಯಾರೂ ಹೇಳಿಕೊಡಬೇಕಿಲ್ಲ.

ನಗು ನಿಂತ ಮೇಲೆ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ನಮ್ಮವ್ವ ನಮಗೋಸ್ಕರ ಪುಣೆದಾಗ ಕಟ್ಟಡದ ಕೆಲಸ ಮಾಡ್ತಾಳ. ಅದೂ ಬಲಿನೇ ಏನಕ್ಕಾ? ಹಂಗಾದ್ರ ಆಕಿಗೆ ಪುನರುತ್ಥಾನ ಯಾವಾಗ?" ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈ ಪಾಠ ಆ ಎರಡು ಪ್ರಶ್ನೆಗಳಿಂದಲೇ ಹುಟ್ಟಿದ್ದು.

1. ಬೀಜ ಹೇಳುವ ಪಾಠ

ಮುಂದಿನ ವಾರ ಶೇಂಗಾ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದೆವು. ಶೇಂಗಾ ಒಡೆದರೆ ಎರಡು ಬೇಳೆಗಳ ನಡುವೆ ತುದಿಯಲ್ಲಿ ಒಂದು ಚಿಕ್ಕ ಮೊಳಕೆ ಕಾಣುತ್ತದೆ. ಜೀವ ಅಲ್ಲಿದೆ. ಆ ಎರಡು ಬೇಳೆಗಳು ಅದಕ್ಕೆ ಕೂಡಿಟ್ಟ ಬುತ್ತಿ. ನೀರು ತಾಗಿದಾಗ ಬೇಳೆಗಳು ತಮ್ಮಲ್ಲಿರುವುದನ್ನೆಲ್ಲ ಮೊಳಕೆಗೆ ಕೊಡುತ್ತವೆ. ಬೇರು ಇಳಿದು ಎಲೆ ಬಿಟ್ಟ ಮೇಲೆ ಸುಕ್ಕಿ ಉದುರುತ್ತವೆ. ಹುಡುಗ ಹೇಳಿದ್ದು ಸರಿಯೇ: ಜೀವವಿಲ್ಲದ ಬೀಜ ಕೊಳೆಯುತ್ತದೆ, ಅಷ್ಟೆ. ಯೇಸು ಹೇಳಿದ್ದೂ ಸರಿ: ತನ್ನನ್ನು ಕೊಟ್ಟುಕೊಂಡ ಬೀಜ ಬೀಜವಾಗಿ ಉಳಿಯುವುದಿಲ್ಲ, ಗಿಡವಾಗುತ್ತದೆ. ಡಬ್ಬಿಯಲ್ಲಿಟ್ಟ ಬೀಜ ಒಂಟಿಯಾಗಿಯೇ ಉಳಿಯುತ್ತದೆ.

2. ಬಲಿ ಎಂಬ ಮಾತು

ನಮ್ಮ ಕಡೆ ಬಲಿ ಎಂದರೆ ಜಾತ್ರೆಯ ಕುರಿ, ಕೋಳಿ ನೆನಪಾಗುತ್ತವೆ. "ಅವನನ್ನು ಬಲಿ ಕೊಟ್ಟರು" ಎಂದರೆ ಸುಮ್ಮನೆ ಸಿಕ್ಕಿಬಿದ್ದವನು ಎಂದರ್ಥ. ನಾವೋ ಪ್ರತಿ ಭಾನುವಾರ ಬಲಿಪೂಜೆಗೆ ಹೋಗುತ್ತೇವೆ. ಹಾಗಾದರೆ ದೇವರಿಗೆ ರಕ್ತ ಬೇಕಿತ್ತೇ? ಇಲ್ಲ. ತನಗೆ ಬೇಕಾದದ್ದು ಯಜ್ಞವಲ್ಲ, ಪ್ರೀತಿ ಎಂದು ಪ್ರವಾದಿ ಹೋಶೇಯನ ಮೂಲಕ ದೇವರು ಮೊದಲೇ ತಿಳಿಸಿದ್ದರು (6:6). ಯೇಸು ತಮ್ಮ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾವಾಗಿಯೇ ಕೊಡುತ್ತಿದ್ದೇವೆ ಎಂದರು (ಯೊವಾನ್ನ 10:18). ಶಿಲುಬೆಗೇರಿಸಿದ್ದು ಮನುಷ್ಯರ ಪಾಪ. ಅಲ್ಲಿಯೂ ಪ್ರೀತಿಸುತ್ತಲೇ ಇದ್ದದ್ದು ಯೇಸು. ಆ ಪ್ರೀತಿಯೇ ಬಲಿ. ಪವಿತ್ರ ಗುರುವಾರದ ಭೋಜನದಲ್ಲಿ ರೊಟ್ಟಿ ಮುರಿದು ಕೊಟ್ಟಾಗಲೇ ಅವರು ತಮ್ಮನ್ನು ಕೊಟ್ಟಾಗಿತ್ತು.

3. ಪುನರುತ್ಥಾನ ಎಂದರೆ ಹಿಂದಕ್ಕೆ ಬರುವುದಲ್ಲ

ಲಾಜರನು ಎದ್ದು ಬಂದ, ಮತ್ತೆ ಒಂದು ದಿನ ಸತ್ತ. ಯೇಸುವಿಗೆ ಇನ್ನು ಮರಣವಿಲ್ಲ (ರೋಮ 6:9). ಬಿತ್ತಿದ ಕಾಳಿಗೂ ಎದ್ದ ಬೆಳೆಗೂ ಹೋಲಿಸಿ ಸಂತ ಪೌಲರು ಇದನ್ನೇ ಕೊರಿಂಥದವರಿಗೆ ಬರೆದರು. ಆದರೂ ಎದ್ದು ಬಂದ ಪ್ರಭುವಿನ ಕೈಗಳಲ್ಲಿ ಮೊಳೆಯ ಗಾಯಗಳಿದ್ದವು. ತೋಮನಿಗೆ ಅವನ್ನೇ ತೋರಿಸಿದರು. ಪುನರುತ್ಥಾನ ಗಾಯವನ್ನು ಅಳಿಸಲಿಲ್ಲ, ಅದರ ಅರ್ಥವನ್ನು ಬದಲಿಸಿತು.

4. ನಮ್ಮ ಕಾಲದ ಒಂದು ಕಾಳು

ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರು ಸಾಹುಕಾರರ ಸಾಲದಿಂದ ಬಿಡಿಸಿಕೊಳ್ಳಲು ನೆರವಾದರು. ಅದಕ್ಕಾಗಿ 1995ರ ಫೆಬ್ರುವರಿ 25ರಂದು ಬಸ್ ಪ್ರಯಾಣದಲ್ಲಿ ಅವರನ್ನು ಇರಿದು ಕೊಂದರು. ಕೊಂದವನು ಸಮಂದರ್ ಸಿಂಗ್. 2002ರಲ್ಲಿ ಅವರ ತಂಗಿ ಸಿಸ್ಟರ್ ಸೆಲ್ಮಿ ಪಾಲ್ ಜೈಲಿಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿ ಸಹೋದರನೆಂದರು. ಬಿಡುಗಡೆಯಾದ ಮೇಲೆ ಅವನು ಕೇರಳಕ್ಕೆ ಹೋಗಿ ಅವರ ತಂದೆತಾಯಿಯ ಕ್ಷಮೆ ಕೇಳಿದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಸಾರಿತು. ಮಗಳ ಸಾವಿನ ನೋವು ಆ ಮನೆಯಲ್ಲಿ ಹಾಗೇ ಇತ್ತು. ಅದೇ ನೋವಿನಿಂದ ಒಬ್ಬ ಕೊಲೆಗಾರ ಹೊಸ ಮನುಷ್ಯನಾದ.

5. ಆ ಹುಡುಗಿಗೆ ಉತ್ತರ

ತಂಗೀ, ನಿನ್ನ ಅವ್ವನ ಪ್ರೀತಿ ಖಂಡಿತ ಬಲಿಯೇ. ಆದರೆ ಆಕೆಯನ್ನು ಊರು ಬಿಡಿಸಿದ ಬಡತನ ಬಲಿಯಲ್ಲ, ಅದು ಅನ್ಯಾಯ. ಪಾಲಮೂರಿನ ಜನ ತಲೆತಲಾಂತರದಿಂದ ವಲಸೆ ಹೋಗುತ್ತಿರುವುದನ್ನು ದೇವರ ಚಿತ್ತವೆಂದು ನಾವು ಹೇಳಬಾರದು. ಸಿರೇನ್ಯದ ಸಿಮೋನನು ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ. ನಮ್ಮ ಕೆಲಸವೂ ಅದೇ. ಅಂತ್ಯದಿನದ ಪುನರುತ್ಥಾನ ದೇವರ ಕೈಯಲ್ಲಿದೆ. ಅದರ ಮೊಳಕೆ ಇಂದೇ ಕಾಣಬೇಕು: ನೀನು ಓದು ಬಿಡದಿದ್ದರೆ, ಅವ್ವ ಬಂದಾಗ ಆಕೆಗೆ ವಿಶ್ರಾಂತಿ ಸಿಕ್ಕರೆ, ಅಜ್ಜಿಯ ಜೊತೆ ಇರುವ ನಿಮ್ಮನ್ನು ಧರ್ಮಕೇಂದ್ರ ವಿಚಾರಿಸಿಕೊಂಡರೆ.

ಈ ವಾರ ಮನೆಯಲ್ಲಿ ಮಾತಾಡಿ

• ನಮ್ಮ ಮನೆಯಲ್ಲಿ ಯಾರ ದುಡಿಮೆಯನ್ನು "ತ್ಯಾಗ" ಎಂದು ಹೊಗಳಿ, ಪಾಲು ಹಂಚಿಕೊಳ್ಳದೆ ಬಿಟ್ಟಿದ್ದೇವೆ?
• ನಾನು ಡಬ್ಬಿಯಲ್ಲಿಟ್ಟ ಬೀಜ ಯಾವುದು? ಸಮಯವೇ, ಹಣವೇ, ಕ್ಷಮೆಯೇ?
• ದುಡಿಯಲು ಹೋದವರ ಮನೆ ನಮ್ಮ ಓಣಿಯಲ್ಲಿ ಯಾವುದು? ಪಾಸ್ಖದ ದಿನ ಅಲ್ಲಿಗೆ ಯಾರು ಹೋಗುತ್ತೀರಿ?

ಪ್ರಾರ್ಥನೆ: ಪ್ರಭು ಯೇಸುವೇ, ನಮಗಾಗಿ ನಿಮ್ಮನ್ನೇ ಕೊಟ್ಟಿರಿ. ದೂರದೂರಿನಲ್ಲಿ ದುಡಿಯುವ ನಮ್ಮವರನ್ನು ಕಾಪಾಡಿ. ಅವರ ಭಾರಕ್ಕೆ ಹೆಗಲು ಕೊಡುವ ಮನಸ್ಸನ್ನು ನಮಗೆ ಕೊಡಿ. ಆಮೆನ್.