ನಕ್ಷೆ ಸರಿಯೇ? ಗುಮಾಸ್ತರನ್ನು ಕೇಳಿ

ಪ್ರಶ್ನೆ: ಕುಟ್ಟದಲ್ಲಿ ಕಾಫಿ, ಕರಿಮೆಣಸು ಖರೀದಿ ಮಾಡುತ್ತೇವೆ. ಕಂಪ್ಯೂಟರ್ ದಾಖಲೆ ಓದಿ ಕೆಲಸ ಸಾಗುವ ನಕ್ಷೆ ಬರೆದುಕೊಡುವ ಸಾಫ್ಟ್‌ವೇರನ್ನು ಪ್ರಯೋಗಕ್ಕೆ ತಂದಿದ್ದೇವೆ. ಮಗನಿಗೆ ಇಷ್ಟವಾಗಿದೆ, ಗುಮಾಸ್ತರು ತಪ್ಪು ಎನ್ನುತ್ತಾರೆ. ಚಂದಾ ಕಟ್ಟಲೇ?

ಉತ್ತರ: ಈಗಲೇ ಕಟ್ಟಬೇಡಿ. ಮಗನಿಗೆ ಕಾಣುತ್ತಿರುವುದು ಚಿತ್ರದ ಅಂದ, ಗುಮಾಸ್ತರಿಗೆ ತಮ್ಮ ದಿನದ ಕೆಲಸ. ಅವರ ಮಾತಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮೊದಲು ದಾಖಲೆ ನೋಡಿ. ಪ್ರತಿ ನಮೂದಿನಲ್ಲೂ ಲೋಡಿನ ಸಂಖ್ಯೆ, ಮಾಡಿದ ಕೆಲಸ, ಸಮಯ ಮೂರೂ ಇರಲೇಬೇಕು. ತೂಕ, ತೇವಾಂಶ, ಔಟ್‌ಟರ್ನ್ ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟು ಸಂಜೆ ಒಟ್ಟಿಗೆ ಕಂಪ್ಯೂಟರಿಗೆ ಏರಿಸುತ್ತಿದ್ದರೆ ಯಾವ ಸಾಫ್ಟ್‌ವೇರ್ ಆದರೂ ಕ್ರಮ ತಪ್ಪುತ್ತದೆ. ಆ ದೋಷ ಅದರದಲ್ಲ.

ದಾಖಲೆ ಸರಿಯಿದ್ದರೆ, ಪಾವತಿ ಮುಗಿದ 20 ಲೋಡುಗಳನ್ನು ಆರಿಸಿ. ಬೆಲೆಯ ತಕರಾರು ಬಂದವೂ ಇರಲಿ. ಅವು ಸಾಗಿದ ದಾರಿಯನ್ನು ಗುಮಾಸ್ತರು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲಿ. ನಡೆದದ್ದು ಬಿಟ್ಟುಹೋಗಿದೆಯೇ? ಎಂದೂ ನಡೆಯದ್ದು ಸೇರಿದೆಯೇ? ಗೆರೆಗಳು ಗೋಜಲಾಗಿ ಓದಲಾಗುತ್ತಿಲ್ಲವೇ? ಈ ಮೂರು ದೂರುಗಳನ್ನು ಬೇರೆ ಬೇರೆಯಾಗಿ ಬರೆದುಕೊಂಡು ಮಾರಾಟಗಾರರಿಂದ ಉತ್ತರ ಕೇಳಿ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಇದೇ ಬಗೆಯ ‘ಪ್ರಾಮ್’ ಸಾಫ್ಟ್‌ವೇರ್ ಉಚಿತ. ಕಲಿಯುವುದು ಕಷ್ಟ, ಆದರೂ ಮಗನಿಂದ ಅದೇ ದಾಖಲೆಯನ್ನು ಅದರಲ್ಲಿ ಹಾಕಿಸಿ ಹೋಲಿಸಿ.

ಸಾಫ್ಟ್‌ವೇರ್ ಗುಮಾಸ್ತರ ಪರದೆಯನ್ನೂ ದಾಖಲಿಸುತ್ತಿದ್ದರೆ, ಅಥವಾ ಬೆಳೆಗಾರರ ಬ್ಯಾಂಕ್ ವಿವರ ಹೊರಗಿನ ಸರ್ವರಿಗೆ ಹೋಗುತ್ತಿದ್ದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಲ್ಲ ವಕೀಲರಿಗೆ ಒಪ್ಪಂದ ತೋರಿಸಿದ ಮೇಲೆಯೇ ಸಹಿ ಹಾಕಿ.