ಫೋನು ಒಂದು, ಕಣ್ಣು ನಾಲ್ಕು

ಮಗ ಸ್ಮಾರ್ಟ್‌ಫೋನು ತಂದುಕೊಟ್ಟು, ಹಳೆಯ ಸಿಮ್ಮು ಅದಕ್ಕೆ ಹಾಕಿ, ಎಲ್ಲ ಹೇಳಿಕೊಟ್ಟೆ ಎಂದುಕೊಂಡು ಭಾನುವಾರ ರಾತ್ರಿಯ ಬಸ್ಸು ಹತ್ತಿದ. ಬೆಂಗಳೂರು ಮುಟ್ಟಿದ ಮೇಲೆ ಫೋನು ಮಾಡಿದರೆ, ನಾವಿಬ್ಬರೂ ಹಸಿರು ಗುಂಡಿ ಒತ್ತಿದ್ದೇ ಒತ್ತಿದ್ದು. ಅದು ಬಡಕೊಂಡು ಬಡಕೊಂಡು ಸುಮ್ಮನಾಯಿತು. ತೀರ್ಥಹಳ್ಳಿ ಕಡೆಯ ಇದೇ ಮನೆಯಲ್ಲಿ ಕೂತು ಈಗ ಅಡಕೆ ಧಾರಣೆ ನೋಡುತ್ತೇವೆ, ಮೊಮ್ಮಗಳ ಮುಖ ನೋಡುತ್ತೇವೆ, ಕರೆಂಟ್ ಬಿಲ್ಲೂ ಕಟ್ಟುತ್ತೇವೆ. ನಮ್ಮ ವಯಸ್ಸಿನ ಗಂಡ ಹೆಂಡಿರಿಗೆ, ಮಕ್ಕಳು ಅವಸರದಲ್ಲಿ ಹೇಳದೆ ಬಿಟ್ಟ ಕೆಲವು ಮಾತು:

• ಇಬ್ಬರೂ ಕಲಿಯಿರಿ. ಮೊದಲೆಲ್ಲ ಫೋನು ಇವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ನನಗೇಕೆ ಅದೆಲ್ಲ ಎಂದು ನಾನೂ ಸುಮ್ಮನಿದ್ದೆ. ಒಂದು ದಿನ ಇವರು ತಲೆ ಸುತ್ತಿ ಜಗಲಿಯ ಮೇಲೆ ಮಲಗಿಬಿಟ್ಟರು. ಫೋನು ಕೈಯಲ್ಲಿದೆ, ಲಾಕ್ ತೆಗೆಯುವ ನಂಬರು ನನಗೆ ಗೊತ್ತಿಲ್ಲ. ಲಾಕ್ ತೆಗೆಯದೆಯೂ ಕೆಳಗಿರುವ ತುರ್ತು ಕರೆಯ ಗುಂಡಿಯಿಂದ 112ಕ್ಕೆ ಫೋನು ಮಾಡಬಹುದು ಎಂಬುದು ಆಮೇಲೆ ತಿಳಿಯಿತು. ನೀವು ಮೊದಲೇ ತಿಳಿದಿಟ್ಟುಕೊಳ್ಳಿ.

• ಬೆರಳು ಹಗುರ ಇರಲಿ. ಹಳೆ ಫೋನಿನ ಗುಂಡಿಯ ಹಾಗೆ ಇದನ್ನು ಅದುಮಬಾರದು. ಹಣೆಗೆ ಕುಂಕುಮ ಇಡುವಾಗ ಎಷ್ಟು ಮುಟ್ಟುತ್ತೇವೋ ಅಷ್ಟು ಸಾಕು. ಫೋನು ಬಂದಾಗ ಹಲವು ಫೋನುಗಳಲ್ಲಿ ಹಸಿರು ಗುರುತನ್ನು ಮುಟ್ಟಿದರೆ ಸಾಲದು, ಸರಿಸಬೇಕು. ಅಕ್ಕಪಕ್ಕ ಕೂತು, ಪಕ್ಕದ ಮನೆಯವರಿಂದ ಹತ್ತು ಸಲ ಫೋನು ಮಾಡಿಸಿ ರೂಢಿ ಮಾಡಿಕೊಳ್ಳಿ.

• ಬೆರಳಚ್ಚನ್ನೇ ನಂಬಬೇಡಿ. ಅಡಕೆ ಸುಲಿದ ಕೈ, ಪಾತ್ರೆ ತೊಳೆದ ಕೈ, ಚಳಿಗಾಲದಲ್ಲಿ ಬಿರಿದ ಕೈ ಎಂದರೆ ಫೋನಿಗೆ ಗುರುತೇ ಸಿಗದು. ಇಬ್ಬರದೂ ಎರಡೆರಡು ಬೆರಳು ಸೇರಿಸಿಡಿ. ಜೊತೆಗೆ ಇಬ್ಬರಿಗೂ ನೆನಪಿರುವ ನಂಬರೊಂದು ಇರಲಿ. ಹುಟ್ಟಿದ ವರ್ಷ ಮಾತ್ರ ಬೇಡ.

• ಅಕ್ಷರ ದೊಡ್ಡದು, ಭಾಷೆ ಕನ್ನಡ. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಮೊದಲ ದಿನವೇ ಮಾಡಿಸಿಕೊಳ್ಳಿ. ಟೈಪ್ ಮಾಡಲು ಪರದಾಡಬೇಡಿ. ಕೀಬೋರ್ಡಿಗೆ ಕನ್ನಡ ಸೇರಿಸಿ, ಮೈಕಿನ ಚಿತ್ರ ಮುಟ್ಟಿ ಮಾತಾಡಿದರೆ ಅದೇ ಬರೆಯುತ್ತದೆ. ಕಳಿಸುವ ಮುಂಚೆ ಒಮ್ಮೆ ಓದಿ. ನಾನು ಹೇಳಿದ್ದೊಂದು, ಅದು ಬರೆದದ್ದೊಂದು ಆಗಿ ಬೀಗರ ಮನೆಗೆ ಹೋದದ್ದೂ ಉಂಟು.

• ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಗೂಗಲ್ ಖಾತೆಯನ್ನು ಮಕ್ಕಳು ತಮ್ಮ ನಂಬರಿಗೆ ಮಾಡಿಕೊಟ್ಟು ಮರೆತುಬಿಡುತ್ತಾರೆ. ನಾಳೆ ಫೋನು ಕೆಟ್ಟರೆ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಒಂದು ಪುಸ್ತಕದಲ್ಲಿ ಬರೆದು ಕಾಗದಪತ್ರದ ಪೆಟ್ಟಿಗೆಯಲ್ಲಿಡಿ. ಫೋನಿನ ಕವರಿನೊಳಗೆ ಚೀಟಿ ಇಡುವುದು ಬೀಗದ ಜೊತೆಗೇ ಕೀಲಿ ಕೊಟ್ಟಂತೆ.

• ವಾರಕ್ಕೊಂದೇ ಪಾಠ. ಮೊದಲ ವಾರ ಫೋನು ಮಾಡುವುದು, ಮರುವಾರ ಫೋಟೊ, ಅದರ ಮುಂದೆ ವಾಟ್ಸಾಪು. ದುಡ್ಡಿನ ವ್ಯವಹಾರ ಎರಡು ತಿಂಗಳು ಕಳೆದ ಮೇಲೆ. ಮಕ್ಕಳು ಕಲಿಸುವಾಗ ಫೋನು ನಮ್ಮ ಕೈಯಲ್ಲಿರಬೇಕು; ಅವರು ಬಾಯಲ್ಲಿ ಹೇಳಲಿ. ಅವರ ಬೆರಳು ಓಡಿದರೆ ನಮ್ಮ ತಲೆಗೆ ಏನೂ ಹತ್ತುವುದಿಲ್ಲ.

• ವಿಡಿಯೊ ಕಾಲಿಗೆ ಆಸರೆ ಕೊಡಿ. ಶುರುವಿನಲ್ಲಿ ಮೊಮ್ಮಗಳಿಗೆ ನಮ್ಮ ಮಾಡಿನ ಹಂಚು ಕಂಡಷ್ಟು ನಮ್ಮ ಮುಖ ಕಂಡಿರಲಿಲ್ಲ. ಈಗ ಫೋನನ್ನು ಅವಲಕ್ಕಿ ಡಬ್ಬಕ್ಕೆ ಒರಗಿಸಿ ಇಬ್ಬರೂ ಎದುರಿಗೆ ಕೂರುತ್ತೇವೆ. ಬೆಳಕು ಬೆನ್ನಿಗಿರಬಾರದು, ಮುಖಕ್ಕೆ ಬೀಳಬೇಕು.

• ಸಣ್ಣ ಗಂಟನ್ನಷ್ಟೇ ಫೋನಿಗೆ ಕಟ್ಟಿ. ಯುಪಿಐಗೆ ಪಿಂಚಣಿ ಬರುವ, ಅಡಕೆ ದುಡ್ಡು ಬೀಳುವ ಖಾತೆ ಬೇಡ. ಬೇರೊಂದು ಖಾತೆಯಲ್ಲಿ ಎರಡು ಮೂರು ಸಾವಿರ ಇಟ್ಟು ಅದನ್ನು ಜೋಡಿಸಿ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ನಿಮಗೆ ಹಣ ಕಳಿಸುತ್ತೇನೆ, ಪಿನ್ ಹಾಕಿ ಎಂದವನು ಕಳ್ಳ. ಒಟಿಪಿ ಕೇಳುವವನೂ ಅವನ ಸೋದರ.

• ಕರೆಯೋಲೆಯಲ್ಲೂ ಮೋಸ ಉಂಟು. ಮದುವೆ ಕಾಗದ ಎಂದು ವಾಟ್ಸಾಪಿಗೆ ಬಂದ ಕಡತದ ಹೆಸರಿನ ಕೊನೆಗೆ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಮುಟ್ಟಲೇಬೇಡಿ. ಅದು ಕಾಗದವಲ್ಲ, ಫೋನಿನೊಳಗೆ ಹೊಗುವ ಆ್ಯಪ್. ಗುರುತಿನವರಿಂದಲೇ ಬಂದಿದ್ದರೂ ಅವರಿಗೆ ಫೋನು ಮಾಡಿ ಕೇಳಿ.

• ಪೊಲೀಸರ ವೇಷಕ್ಕೆ ಹೆದರಬೇಡಿ. ವಿಡಿಯೊ ಕಾಲಿನಲ್ಲಿ ಖಾಕಿ ತೊಟ್ಟವನು ಡಿಜಿಟಲ್ ಅರೆಸ್ಟ್ ಎಂದರೆ ಫೋನು ಇಟ್ಟುಬಿಡಿ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಯಾರಿಗೂ ಹೇಳಬೇಡಿ ಎಂದು ಅವನು ತಾಕೀತು ಮಾಡುವುದೇ ಮೋಸದ ಗುರುತು.

• ದುಡ್ಡು ಹೋದರೆ ನಾಚಿಕೆಗಿಂತ ಮೊದಲು 1930. ಸೈಬರ್ ವಂಚನೆಯ ಸಹಾಯವಾಣಿ ಅದು. ಎಷ್ಟು ಬೇಗ ತಿಳಿಸುತ್ತೀರೋ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಫೋನೇ ಕಳೆದರೆ ಪೊಲೀಸ್ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. *#06# ಒತ್ತಿ ಇವತ್ತೇ ಪುಸ್ತಕದಲ್ಲಿ ಬರೆದಿಡಿ.

• ಗುಂಡಿ ಒತ್ತುವ ಮೊದಲು ಗಟ್ಟಿಯಾಗಿ ಹೇಳಿ. ದುಡ್ಡಿನ ವಿಷಯ, ಗುರುತಿಲ್ಲದ ನಂಬರು, ಅವಸರ ಮಾಡುವ ದನಿ: ಈ ಮೂರರಲ್ಲಿ ಯಾವುದು ಬಂದರೂ ಮನೆಯಲ್ಲಿರುವ ಇನ್ನೊಬ್ಬರಿಗೆ ಕೇಳಿಸುವಂತೆ ಹೇಳಿ, ಆಮೇಲೆ ಮುಂದಿನ ಮಾತು. ಹೋದ ಮಳೆಗಾಲದಲ್ಲಿ ಇವರಿಗೊಂದು ಫೋನು ಬಂತು. ಬಿಲ್ಲು ಬಾಕಿ ಇದೆ, ರಾತ್ರಿ ಒಂಬತ್ತೂವರೆಗೆ ಕರೆಂಟ್ ತೆಗೆಯುತ್ತೇವೆ, ಈಗಲೇ ನಾವು ಕಳಿಸಿದ ಲಿಂಕು ಒತ್ತಿ ಎಂದು. ಇವರು ಗಾಬರಿಯಾಗಿ ಕನ್ನಡಕ ಹುಡುಕತೊಡಗಿದರು. ನಾನು ಒಳಗಿನಿಂದಲೇ ಕೂಗಿದೆ: "ನಮ್ಮೂರಲ್ಲಿ ಕರೆಂಟು ಹೇಳಿ ಹೋದದ್ದು ಯಾವತ್ತು?" ಹೆಂಡತಿ ಎಲ್ಲದಕ್ಕೂ ಅಡ್ಡ ಮಾತಾಡುತ್ತಾಳೆ ಎಂದು ನಲವತ್ತು ವರ್ಷದಿಂದ ದೂರುತ್ತ ಬಂದವರು, ಅವತ್ತು ಏನೂ ಹೇಳದೆ ಫೋನು ಕೆಳಗಿಟ್ಟರು. ರಾತ್ರಿ ಗಾಳಿ ಎದ್ದು ಕರೆಂಟ್ ಹೋಯಿತು, ಎಂದಿನಂತೆ ಹೇಳದೆ ಕೇಳದೆ. ಅದೇ ಫೋನಿನ ಟಾರ್ಚ್ ಹಾಕಿಕೊಂಡು ಊಟ ಮಾಡಿದೆವು.